ಹಮಾಲನ ಹೃದಯದ ಏಳು ತುಂಡು

ಕೊಪ್ಪಳದಲ್ಲಿ ವರದಿಗಾರನಾಗಿ ನಾನು ಬರೆದ ನಿಧನ ವಾರ್ತೆಗಳಲ್ಲಿ ಹೆಚ್ಚಿನವು ಒಂದೇ ವಾಕ್ಯದಿಂದ ಶುರುವಾಗುತ್ತಿದ್ದವು: ಇಂಥವರು ಹೃದಯಾಘಾತದಿಂದ ನಿಧನರಾದರು. ಮನೆಯವರು ಫೋನಿನಲ್ಲಿ ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ, ಡೆಸ್ಕಿನವರು ಫೋಟೊ ಸೇರಿಸಿ ಪುಟಕ್ಕೆ ಹಾಕುತ್ತಿದ್ದರು. ವಯಸ್ಸು, ಊರು, ಅಂತ್ಯಕ್ರಿಯೆಯ ಹೊತ್ತು ಇವನ್ನು ಎರಡೆರಡು ಸಲ ಕೇಳಿ ಖಚಿತಪಡಿಸಿಕೊಳ್ಳುತ್ತಿದ್ದವನು, ಹೃದಯಾಘಾತ ಎಂದು ಹೇಳಿದವರು ಯಾರು ಎಂದು ಒಮ್ಮೆಯೂ ಕೇಳಿರಲಿಲ್ಲ.

ಆ ಪ್ರಶ್ನೆ ಕೇಳಿದವರು ಶವಾಗಾರದ ವೈದ್ಯೆ. ಐವತ್ತರ ಆಸುಪಾಸಿನವರು, ಧಾರವಾಡದ ಕಡೆಯ ಮಾತು. ಅಪಘಾತವಾದಾಗ ಸತ್ತವರ ಹೆಸರು, ವಯಸ್ಸು ಬರೆದುಕೊಳ್ಳಲು ನಾವು ಅಲ್ಲಿಗೆ ಹೋಗುವುದು ರೂಢಿ. ಒಂದು ಮುಂಜಾನೆ ಅವರು ಕೈ ತೊಳೆದುಕೊಳ್ಳುತ್ತಲೇ ಕೇಳಿದರು.

“ನಿನ್ನಿ ನಿಮ್ಮ ಪೇಪರ್‌ನಾಗ ನಾಕು ಮಂದಿ ಹೃದಯಾಘಾತದಿಂದ ಸತ್ತಾರ. ಅದರಾಗ ಒಬ್ಬರಿಗೆ ತೊಂಬತ್ನಾಕು ವರ್ಷ. ನೋಡಿದವರು ಯಾರ್ರಿ?”

“ಮನ್ಯಾಗಿನವರು ಹೇಳಿದ್ರು, ಮೇಡಂ.”

“ಮನ್ಯಾಗಿನವರು ಹೃದಯ ತಗದು ನೋಡಿದ್ರೇನು?”

ಬಾಗಿಲ ಬಳಿ ಕೈಗವಸು ಕಳಚುತ್ತಿದ್ದ ಚಾಚಾ ನಕ್ಕರು. ಅವರು ಶವಾಗಾರದ ಸಹಾಯಕ. ಗಿಣಿಗೇರಾದಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ಹಿರಿಯರು. ಹೆಣ ಕೊಯ್ಯುವುದು, ಹೊಲಿಯುವುದು, ಡಬ್ಬಿಗಳಿಗೆ ಚೀಟಿ ಅಂಟಿಸುವುದು ಅವರ ಕೆಲಸ. ವೈದ್ಯೆಯಿಂದ ಹಿಡಿದು ಪೊಲೀಸರವರೆಗೆ ಎಲ್ಲರಿಗೂ ಅವರು ಚಾಚಾ.

“ಸರ್, ಸತ್ತವರದು ಎಲ್ಲಾರದೂ ಹಾರ್ಟ್ ಬಂದ್ ಆಗೇ ಆಗತೈತಿ. ಬಂದ್ ಆಗದ ನಮ್ಮ ಕಡಿ ಯಾರ್ ಬರತಾರ?”

“ಚಾಚಾ ಹೇಳಿದ್ದ ಖರೆ,” ಎಂದರು ವೈದ್ಯೆ. “ಹೃದಯ ನಿಂತದ್ದು ಸಾವು. ಯಾಕ ನಿಂತಿತು ಅನ್ನೂದು ಕಾರಣ. ನೀವು ಸಾವನ್ನ ಕಾರಣ ಅಂತ ಬರೀತೀರಿ.”

ಅಂದಿನಿಂದ ನಾನು ‘ನಿಧನರಾದರು’ ಎಂದಷ್ಟೇ ಬರೆಯತೊಡಗಿದೆ. ಆದರೆ ಆ ಮಾತಿನ ಪೂರ್ತಿ ಅರ್ಥ ನನಗೆ ತಿಳಿದದ್ದು ಆಮೇಲೆ, ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಹಮಾಲನೊಬ್ಬ ಸತ್ತ ಪ್ರಕರಣದಲ್ಲಿ.

ಗಿರಣಿಗಳಲ್ಲಿ ಹಮಾಲರು ಜೋಡಿಯಾಗಿ ಕೆಲಸ ಮಾಡುತ್ತಾರೆ. ಇಬ್ಬರು ಚೀಲದ ಎರಡು ತುದಿ ಹಿಡಿದು ಒಂದೇ ಉಸಿರಿಗೆ ಎತ್ತಿ ಮೂರನೆಯವನ ಬೆನ್ನಿಗೆ ಹಾಕಬೇಕು. ಒಬ್ಬನ ಕೈ ತಡವಾದರೆ ಇನ್ನೊಬ್ಬನ ಸೊಂಟ ಹಿಡಿಯುತ್ತದೆ. ಹಾಗಾಗಿ ಒಗ್ಗಿದ ಜೋಡಿಯನ್ನು ಯಾರೂ ಸುಲಭಕ್ಕೆ ಬಿಡುವುದಿಲ್ಲ. ಈ ಇಬ್ಬರದು ಏಳು ವರ್ಷದ ಜೋಡಿ. ಸತ್ತವನಿಗೆ ಮೂವತ್ತೆಂಟು, ಊರು ಕುಷ್ಟಗಿ ಕಡೆಯ ಹಳ್ಳಿ. ಜೊತೆಯವನು ಅವನಿಗಿಂತ ಚಿಕ್ಕವನು, ಯಲಬುರ್ಗಾ ತಾಲ್ಲೂಕಿನವನು. ದಸರಾಕ್ಕೆ ಸ್ವಲ್ಪ ದಿನ ಮುಂಚೆ, ಬೆಳಗಿನ ಹನ್ನೊಂದರ ಹೊತ್ತಿಗೆ, ಚೀಲ ಎತ್ತುವ ವಿಷಯಕ್ಕೆ ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಚಿಕ್ಕವನು ತಳ್ಳಿದ. ದೊಡ್ಡವನು ಪೇರಿಸಿಟ್ಟ ಚೀಲಗಳ ನಿಟ್ಟಿಗೆ ಬಡಿದು ಕೆಳಗೆ ಬಿದ್ದ. ತಲೆಯ ಹಿಂದೆ ಸ್ವಲ್ಪ ರಕ್ತ ಬಂತು. ಮತ್ತೆ ಏಳಲಿಲ್ಲ. ಆಟೊದಲ್ಲಿ ಆಸ್ಪತ್ರೆಗೆ ಒಯ್ದಾಗ ಸತ್ತಿದ್ದಾನೆ ಎಂದರು.

ಸತ್ತವನ ಅಣ್ಣ ಮಧ್ಯಾಹ್ನವೇ ಬಂದು ಕೊಲೆ ಎಂದು ದೂರು ಕೊಟ್ಟ. ತಳ್ಳಿದ್ದನ್ನು ಹತ್ತು ಮಂದಿ ನೋಡಿದ್ದರು. ಸಂಜೆಯೊಳಗೆ ಚಿಕ್ಕವನನ್ನು ಬಂಧಿಸಿದರು. ಗಂಗಾವತಿಗೆ ಹೋಗಿ ಸುದ್ದಿ ತಂದವನು ನಾನೇ. ‘ಸಹೋದ್ಯೋಗಿಯಿಂದ ಹಮಾಲಿ ಕಾರ್ಮಿಕನ ಕೊಲೆ’ ಎಂಬ ತಲೆಬರಹವೂ ನನ್ನದೇ. ‘ಕೊಲೆ ಆರೋಪ’ ಎಂದು ಬರೆಯಬೇಕಿತ್ತು. ಅಂಕಣದ ಅಗಲಕ್ಕೆ ಆರೋಪ ಎಂಬ ಮಾತು ಹಿಡಿಸಲಿಲ್ಲ, ನಾನೇ ತೆಗೆದೆ. ಅದು ಒಂದನೇ ತಪ್ಪು. ಎರಡನೆಯದು ನನಗೆ ಆಗ ತಪ್ಪು ಎಂದೇ ಅನ್ನಿಸಿರಲಿಲ್ಲ.

ಮರುದಿನ ಶವವನ್ನು ಕೊಪ್ಪಳಕ್ಕೆ ತಂದರು. ನಾನು ಶವಾಗಾರದ ಮುಂದಿನ ಕಟ್ಟೆಯ ಮೇಲೆ ಕಾಯುತ್ತಿದ್ದೆ. ಪಕ್ಕದಲ್ಲಿ ಅಣ್ಣ. ಎತ್ತರದ ಆಳು, ಬಿಳಿ ಟೊಪ್ಪಿಗೆಯನ್ನು ಕೈಯಲ್ಲಿ ಹಿಂಡಿ ಹಿಡಿದಿದ್ದ. ಎರಡು ತಾಸಿನ ನಂತರ ವೈದ್ಯೆ ಹೊರಬಂದರು.

“ಏನಾತ್ರಿ ಮೇಡಂ? ತಲಿಗೆ ಪೆಟ್ಟಾಗಿ ಸತ್ತಾನಲ್ರಿ?” ಅಣ್ಣ ಎದ್ದು ನಿಂತ.

“ಅಭಿಪ್ರಾಯ ಕಾಯ್ದಿರಿಸೀನಿ. ಪರೀಕ್ಷಾ ವರದಿ ಬಂದ ಮ್ಯಾಲೆ ಹೇಳ್ತೀನಿ.”

“ದೂಡಿದ್ದು ಹತ್ತು ಮಂದಿ ನೋಡ್ಯಾರ. ಇನ್ನೇನ್ ಕಾಯ್ದಿರಿಸೂದೈತ್ರಿ?”

“ದೂಡಿದ್ದನ್ನ ಮಂದಿ ನೋಡ್ಯಾರ. ಯಾಕ ಸತ್ತ ಅನ್ನೂದನ್ನ ಇನ್ನೂ ಯಾರೂ ನೋಡಿಲ್ಲ. ನಾನೂ ನೋಡಿಲ್ಲ.”

ಅಷ್ಟು ಹೇಳಿ ಒಳಗೆ ಹೋದರು. ಅಣ್ಣ ನನ್ನ ಕಡೆ ತಿರುಗಿ, “ಡಾಕ್ಟರ್‌ಗ ಮ್ಯಾಲಿಂದ ಫೋನ್ ಬಂದಿರಬೇಕು, ಇದನ್ನ ಬರೀರಿ,” ಎಂದ. ನಾನು ಬರೆಯಲಿಲ್ಲ.

ಒಳಗೆ ಚಾಚಾ ಪರೀಕ್ಷೆಗೆ ಕಳಿಸುವ ಡಬ್ಬಿಗಳನ್ನು ಸಾಲಾಗಿ ಇಟ್ಟಿದ್ದರು. ಬಾಗಿಲು ತೆರೆದಿತ್ತು. ಅವುಗಳನ್ನು ಒಯ್ಯಲು ಬಂದಿದ್ದ ಕಾನ್‌ಸ್ಟೆಬಲ್ ಎಲ್ಲವನ್ನೂ ಒಂದೇ ರಟ್ಟಿನ ಪೆಟ್ಟಿಗೆಗೆ ತುಂಬತೊಡಗಿದ. ಚಾಚಾ ಒಂದು ಡಬ್ಬಿಯ ಮೇಲೆ ಅಂಗೈ ಇಟ್ಟರು.

“ಸಾಹೇಬ್ರ, ಇದನ್ನ ಬಿಡ್ರಿ.”

“ಎಲ್ಲಾ ಒಂದ ಕಡಿ ಹೋಗ್ಲಿ ಬಿಡು ಚಾಚಾ, ನನಗ ಬಸ್ ತಪ್ಪತೈತಿ.”

“ಅವು ಉಪ್ಪನೀರಾಗಿನವು, ವಿಷ ಐತೇನು ನೋಡೋರ ಕಡಿ ಹೋಗಬೇಕು. ಇದು ಫಾರ್ಮಲಿನ್, ತುಂಡು ಕೆಡದಂಗ ಇಡೋ ನೀರು. ಇದಕ್ಕ ಬ್ಯಾರೆ ಊರು, ಬ್ಯಾರೆ ಬಸ್ಸು. ಇದನ್ನೂ ಉಪ್ಪಿಗೆ ಹಾಕಿದ್ರ ಉಪ್ಪಿನಕಾಯಿ ಆಗತೈತಿ, ಪುರಾವಿ ಆಗೂದಿಲ್ಲ.”

ಕಾನ್‌ಸ್ಟೆಬಲ್ ಗೊಣಗುತ್ತ ಉಳಿದವನ್ನು ಕಟ್ಟಿಕೊಂಡು ಹೋದ. ಆ ಒಂದು ಡಬ್ಬಿಯಲ್ಲಿ ಸತ್ತವನ ಹೃದಯದ ಏಳು ತುಂಡುಗಳಿದ್ದವು. ಪ್ರತಿಯೊಂದನ್ನೂ ಬೇರೆ ಬೇರೆ ಬಟ್ಟೆಯ ಚೂರಿನಲ್ಲಿ ಸುತ್ತಿ, ಎಡಗೋಡೆ, ಬಲಗೋಡೆ, ನಡುಗೋಡೆ ಎಂದು ಪೆನ್ಸಿಲಿನಲ್ಲಿ ಬರೆದ ಚೀಟಿ ಕಟ್ಟಿದ್ದರು. ಪೆನ್ನಿನ ಮಸಿ ಫಾರ್ಮಲಿನ್‌ನಲ್ಲಿ ಕರಗುತ್ತದೆ, ಪೆನ್ಸಿಲ್ ಕರಗುವುದಿಲ್ಲ ಎಂದು ಚಾಚಾ ಹೇಳಿದರು. ಅಷ್ಟು ವರ್ಷ ಶವಾಗಾರದ ಬಾಗಿಲವರೆಗೆ ಹೋಗಿ ಬಂದ ನನಗೆ ಆ ಕೋಣೆಯಲ್ಲಿ ಇಷ್ಟು ಎಚ್ಚರದ ಕೆಲಸ ನಡೆಯುತ್ತದೆ ಎಂಬುದು ಅಂದೇ ಗೊತ್ತಾಯಿತು.

ಏಳು ಯಾಕೆ ಎಂದು ಇನ್ನೊಂದು ದಿನ ವೈದ್ಯೆಯನ್ನು ಕೇಳಿದೆ. ಆ ಪ್ರಕರಣದ ಬಗ್ಗೆ ಒಂದಕ್ಷರ ಹೇಳುವುದಿಲ್ಲ, ತಮ್ಮ ಕೆಲಸದ ಬಗ್ಗೆ ಬೇಕಾದರೆ ಕೇಳಿ ಎಂದು ಅವರು ಮೊದಲೇ ಗೆರೆ ಎಳೆದಿದ್ದರು.

“ನನಗ ಸಂಶಯ ಬಂದಲ್ಲಷ್ಟ ಕತ್ತರಿಸಿದ್ರ ನನ್ನ ಸಂಶಯಕ್ಕ ನಾನ ಸಾಕ್ಷಿ ಹುಡುಕಿದಂಗ. ಸುತ್ತಲೂ ತಗೋಬೇಕು. ಛಲೋ ಇರೋ ತುಂಡು ಪಕ್ಕದಾಗಿದ್ರನ ಕೆಟ್ಟ ತುಂಡು ಕೆಟ್ಟೈತಿ ಅಂತ ಹೇಳಾಕ ಬರತೈತಿ.”

ಆ ಡಬ್ಬಿ ಕೂಡಲೇ ಹೊರಡಲಿಲ್ಲ. ಅದನ್ನು ಒಯ್ಯಬೇಕಾದ ಕಾನ್‌ಸ್ಟೆಬಲ್‌ನನ್ನು ಹೇಮಗುಡ್ಡದ ದಸರಾ ಬಂದೋಬಸ್ತಿಗೆ ಹಾಕಿದರು. ಡಬ್ಬಿ ಕಪಾಟಿನಲ್ಲೇ ಉಳಿಯಿತು. ವೈದ್ಯೆ ಎರಡು ದಿನಕ್ಕೊಮ್ಮೆ ಠಾಣೆಗೆ ಜ್ಞಾಪನಾ ಪತ್ರ ಬರೆದರು. ಪ್ರತಿ ಪತ್ರದಲ್ಲೂ ಒಂದೇ ಸಾಲು: ಈ ಪರೀಕ್ಷೆಯ ಫಲಿತಾಂಶದ ಮೇಲೆ ಬಂಧನದಲ್ಲಿರುವ ವ್ಯಕ್ತಿಯ ವಿರುದ್ಧದ ಆರೋಪದ ಸ್ವರೂಪ ನಿಂತಿದೆ. ಚಾಚಾ ಆ ಪತ್ರಗಳನ್ನು ತಾವೇ ಒಯ್ದು, ಮುಟ್ಟಿದ್ದಕ್ಕೆ ಸಹಿ ಹಾಕಿಸಿಕೊಂಡು ಬರುತ್ತಿದ್ದರು.

ಆ ದಿನಗಳಲ್ಲೇ ನಮ್ಮ ಕಚೇರಿಗೆ ಒಬ್ಬಳು ಹೆಂಗಸು ಬಂದಳು. ಬಂಧನದಲ್ಲಿದ್ದವನ ಹೆಂಡತಿ. ಜೈಲಿನಲ್ಲಿ ಗಂಡನನ್ನು ನೋಡಿ, ಯಲಬುರ್ಗಾ ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಬಂದಿದ್ದಳು.

“ಪೇಪರ್‌ನವರು ನೀವೇನ್ರಿ?”

“ಹೌದ್ರಿ ಅಕ್ಕಾರ, ಕುಂದರ್ರಿ.”

“ಕುಂದರಾಕ ಬಂದಿಲ್ರಿ. ಕೊಲಿ ಅಂತ ಬರದವರು ಹೆಂಗದಾರ ನೋಡೂಣು ಅಂತ ಬಂದೀನಿ.”

ಸ್ವಲ್ಪ ಹೊತ್ತಿಗೆ ಅವಳೇ ಕುರ್ಚಿ ಎಳೆದುಕೊಂಡು ಕೂತಳು.

“ಕೊಲಿ ಅಂದ್ರ ಎಷ್ಟು ವರ್ಷ ಹಾಕತಾರ್ರಿ?”

“ಸಾಬೀತಾದ್ರ ಜೀವಾವಧಿ.”

“ನನ್ನ ಮಗಳಿಗೆ ಆರು ವರ್ಷ,” ಎಂದಳು. ಬೆರಳು ಮಡಚಿ ಏನೋ ಎಣಿಸಲು ಹೊರಟವಳು ನಡುವೆ ಬಿಟ್ಟುಬಿಟ್ಟಳು. ಆಮೇಲೆ ಬೇರೇನೋ ಹೇಳುವವಳಂತೆ, “ಸತ್ತಂವ ಅವತ್ತ ಮುಂಜಾನಿಂದನ ಗ್ಯಾಸ್ ಆಗೈತಿ ಅಂತ ಎದಿ ತಿಕ್ಕೊಂತಿದ್ನಂತ್ರಿ. ಎರಡು ಸಲ ಸೋಡಾ ಕುಡದು ಬಂದನಂತ,” ಎಂದಳು.

“ನಿಮ್ಮ ಮನಿಯವರು ಇದನ್ನ ಪೊಲೀಸರಿಗೆ ಹೇಳ್ಯಾರೇನು?”

“ಗ್ಯಾಸ್ ಏನ್ ಹೇಳೂದೈತ್ರಿ ಪೊಲೀಸರಿಗೆ? ಗ್ಯಾಸ್ ಯಾರಿಗಿಲ್ರಿ?”

ಅವಳು ಹೋದ ಮೇಲೆ ನಾನು ಗಿರಣಿಗೆ ಹೋಗಿದ್ದ ದಿನದ ಟಿಪ್ಪಣಿ ಪುಸ್ತಕ ತೆಗೆದೆ. ಗಿರಣಿಯ ಎದುರಿನ ಸೋಡಾ ಅಂಗಡಿಯವನು ನನಗೂ ಅದನ್ನೇ ಹೇಳಿದ್ದ: ಆರು ಗಂಟೆಗೆ ಒಂದು, ಎಂಟಕ್ಕೆ ಒಂದು, ಉಪ್ಪು ನಿಂಬೆ ಹಾಕಿದ ಸೋಡಾ. ನಾನು ಬರೆದುಕೊಂಡಿದ್ದೆ. ಟೈಪ್ ಮಾಡುವಾಗ ಅದರ ಮೇಲೆ ಅಡ್ಡಗೆರೆ ಎಳೆದಿದ್ದೆ. ಕೊಲೆಯ ಸುದ್ದಿಯಲ್ಲಿ ಸೋಡಾಕ್ಕೆ ಏನು ಕೆಲಸ?

ನಮ್ಮ ಕಡೆ ಗ್ಯಾಸ್ ರೋಗವಲ್ಲ. ಗಂಟಲಿನಿಂದ ಹೊಟ್ಟೆಯವರೆಗೆ ಎಲ್ಲಿ ನೋವು ಬಂದರೂ, ಎಡಗೈ ಜೋಮು ಹಿಡಿದರೂ, ಬೆವರು ಕಿತ್ತು ಬಂದರೂ ಅದು ಗ್ಯಾಸ್. ಸೋಡಾ ಕುಡಿಯುವುದು, ತೇಗುವುದು, ಕೆಲಸಕ್ಕೆ ಹೋಗುವುದು. ಅದನ್ನು ವೈದ್ಯರಿಗೆ ಹೇಳುವುದಿಲ್ಲ, ಪೊಲೀಸರಿಗಂತೂ ಇಲ್ಲವೇ ಇಲ್ಲ. ಹತ್ತು ಮಂದಿ ಹಮಾಲರು ಸಾಕ್ಷಿ ಹೇಳುವಾಗ ಬಿಟ್ಟರು. ಆರೋಪಿಯೇ ತನ್ನ ಹೇಳಿಕೆಯಲ್ಲಿ ಬಿಟ್ಟ. ಬರೆಯುವುದೇ ವೃತ್ತಿಯಾದ ನಾನು ಬರೆದದ್ದನ್ನು ಹೊಡೆದುಹಾಕಿದೆ. ಅಷ್ಟೂ ಜನರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ.

ಪುಸ್ತಕ ಹಿಡಿದು ನೇರವಾಗಿ ವೈದ್ಯೆಯ ಬಳಿ ಹೋದೆ. “ಮೇಡಂ, ಆ ಗಂಗಾವತಿ ಪ್ರಕರಣದಾಗ ಒಂದು ವಿಷಯ—”

ಅವರು ಅಂಗೈ ಎತ್ತಿ ತಡೆದರು. “ನನಗ ಹೇಳಬ್ಯಾಡ್ರಿ.”

“ಉಪಯೋಗದ ವಿಷಯ ಮೇಡಂ.”

“ಅದಕ್ಕ ಬ್ಯಾಡ ಅಂತೀನಿ. ಉಪಯೋಗದ್ದಾದ್ರ ತನಿಖಾಧಿಕಾರಿಗೆ ಹೇಳ್ರಿ. ಅವರು ವಿಚಾರಿಸಿ, ಬರದು, ಸಹಿ ಮಾಡಿ ಕಳಸಲಿ. ನಾ ಮೊದಲು ಸ್ಲೈಡ್ ನೋಡಿ, ಕಂಡದ್ದನ್ನ ಬರದು ಲಕೋಟಿ ಮುಚ್ಚಿ ಇಡ್ತೀನಿ. ಆಮ್ಯಾಲೆ ಅವರ ಕಾಗದ ಓದ್ತೀನಿ. ನೀವು ಈಗ ಹೇಳಿದ್ರ, ನೀವು ಹೇಳಿದ್ದು ನನಗ ಸ್ಲೈಡಿನ್ಯಾಗ ಕಾಣಾಕ ಶುರು ಆಗತೈತಿ.”

ಪತ್ರಿಕೋದ್ಯಮದಲ್ಲಿ ನಾನು ಕಂಡ ಹಿರಿಯರಲ್ಲಿ ಒಬ್ಬರೂ ತಮ್ಮ ಕಿವಿಯ ಬಗ್ಗೆ ಇಷ್ಟು ಅಪನಂಬಿಕೆ ಇಟ್ಟುಕೊಂಡಿರಲಿಲ್ಲ. ನಾನು ಹಾಗೇ ತಿರುಗಿ ತನಿಖಾಧಿಕಾರಿಯ ಬಳಿ ಹೋದೆ. ಅವರು ಮೊದಲು ನಕ್ಕರು. “ಗ್ಯಾಸ್ ಅಂತ ಪಂಚನಾಮಾದಾಗ ಬರೀಲೇನ್ರಿ?” ಎಂದರು. ಆದರೂ ಒಳ್ಳೆಯ ಅಧಿಕಾರಿ. ವಾರದೊಳಗೆ ಸೋಡಾ ಅಂಗಡಿಯವನ ಮತ್ತು ಹಮಾಲರ ಹೇಳಿಕೆಯನ್ನು ಮತ್ತೊಮ್ಮೆ ಪಡೆದು, ಮುಚ್ಚಿದ ಲಕೋಟೆಯಲ್ಲಿ ಶವಾಗಾರಕ್ಕೆ ಕಳಿಸಿದರು. ಡಬ್ಬಿಯೂ ಅದೇ ವಾರ ಹೊರಟಿತು. ಇಷ್ಟು ದಿನದಲ್ಲಿ ಕೆಟ್ಟಿರುವುದಿಲ್ಲವೇ ಎಂದು ಚಾಚಾರನ್ನು ಕೇಳಿದೆ.

“ಫಾರ್ಮಲಿನ್‌ನಾಗಿರೋದು ಕಾಯತೈತ್ರಿ ಸರ್. ಜೈಲಿನ್ಯಾಗಿರೋದಕ್ಕ ಕಾಯಾಕ ಆಗೂದಿಲ್ಲ.”

ಮೊದಲ ಸುತ್ತಿನ ಸ್ಲೈಡುಗಳಲ್ಲಿ ನಿರ್ಧಾರ ಸಿಗಲಿಲ್ಲ ಎಂದು ಆಮೇಲೆ ತಿಳಿಯಿತು. ಸಾಮಾನ್ಯ ಬಣ್ಣ ಹಾಕಿದಾಗ ಸ್ನಾಯುವಿನ ಎಳೆಗಳು ಒಂದು ಕಡೆ ಅಲೆಯಲೆಯಾಗಿ ಕಂಡವಂತೆ. ಅದು ರೋಗದಿಂದಲೂ ಆಗಬಹುದು, ಕತ್ತರಿಸುವಾಗ ಎಳೆದದ್ದರಿಂದಲೂ ಆಗಬಹುದು. ವೈದ್ಯೆ ಅಲ್ಲಿಗೆ ನಿಲ್ಲಿಸಬಹುದಿತ್ತು. ‘ಖಚಿತ ಅಭಿಪ್ರಾಯ ಸಾಧ್ಯವಿಲ್ಲ’ ಎಂದು ಬರೆದು ಕೈ ತೊಳೆದುಕೊಂಡಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಆ ತುಂಡುಗಳನ್ನು ಇನ್ನೂ ದೂರದ, ದೊಡ್ಡ ಊರಿನ ಪ್ರಯೋಗಾಲಯಕ್ಕೆ ವಿಶೇಷ ಗುರುತಿನ ಪರೀಕ್ಷೆಗೆ ಕಳಿಸಿದರು. ಜೊತೆಗಿನ ಪತ್ರದಲ್ಲಿ ಜಗಳ, ಗಿರಣಿ, ಬಂಧನ ಯಾವುದನ್ನೂ ಬರೆಯಲಿಲ್ಲ. ತುಂಡಿನ ಸಂಖ್ಯೆ ಮತ್ತು ಅದು ಹೃದಯದ ಯಾವ ಜಾಗದ್ದು ಎಂಬುದಷ್ಟೇ.

ಆ ಗುರುತುಗಳೆಂದರೆ ಏನೆಂದು ಅವರು ನನಗೆ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಹಳೆಯ ಸ್ಲೈಡುಗಳನ್ನಿಟ್ಟು ತೋರಿಸಿದರು. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟೆ. ಕಂದು ಬಣ್ಣದ ಹೊಲದ ನಡುವೆ ಬಿಳಿಚಿದ ಒಂದು ಪಟ್ಟಿ.

“ಗಂಗಾವತ್ಯಾಗ ಚೀಲ ನೋಡೀರಲ್ಲ?” ಎಂದರು. “ಭತ್ತದ ಚೀಲ ಹರದ್ರ ಏನಾಗತೈತಿ? ಒಳಗಿನ ಕಾಳು ಹೊರಗ ಸುರೀತಾವ. ಹೊರಗಿನ ಹಸಿ ಒಳಗ ಸೇರತೈತಿ. ಹೃದಯದ ಒಂದೊಂದು ಕಣಾನೂ ಹಂಗ. ರಕ್ತ ಸಿಗದ ಸಾಯಾಕ ಹತ್ತಿದ್ರ ಅದರ ಗೋಡಿ ಹರೀತೈತಿ. ಒಳಗ ಟ್ರೋಪೋನಿನ್ ಅಂತ ಒಂದು ಪ್ರೋಟೀನ್ ಐತಿ, ಅದು ಸೋರಿ ಹೋಗತೈತಿ. ನೀವೀಗ ನೋಡಿದ ಬಿಳಿಪಟ್ಟಿ ಅದು ಖಾಲಿಯಾದ ಜಾಗ.”

“ಹಂಗಾದ್ರ ಅಷ್ಟು ಸಾಕಲ್ರಿ ಮೇಡಂ?”

“ಸಾಲೂದಿಲ್ಲ. ಸತ್ತ ಮ್ಯಾಲೂ ಅದು ಸೋರತೈತಿ, ನಮ್ಮ ಬಿಸಿಲಿನ್ಯಾಗಂತೂ ಜಲ್ದಿ. ಇದನ್ನ ನೋಡ್ರಿ.” ಇನ್ನೊಂದು ಸ್ಲೈಡ್ ಇಟ್ಟರು. ಈ ಸಲ ಹೊಲ ಬಿಳಿ, ಅದೇ ಪಟ್ಟಿ ಕಂದು. “ಇದು ರಕ್ತದಾಗ ಇರೋ ಪ್ರೋಟೀನ್. ಛಲೋ ಕಣದೊಳಗ ಇರಬಾರದು. ಇದು ಒಳಗ ಬರಬೇಕಂದ್ರ ರಕ್ತ ಓಡಾಡಬೇಕು, ಅಂದ್ರ ಮನುಷ್ಯಾ ಜೀವಂತ ಇರಬೇಕು, ಅದೂ ಒಂದಿಷ್ಟು ತಾಸು. ಒಂದು ಹೊರಗ ಹೋಗಿದ್ದು, ಇನ್ನೊಂದು ಒಳಗ ಬಂದದ್ದು, ಎರಡೂ ಒಂದ ಜಾಗದಾಗ ಕಂಡ್ರ, ಆಗ ಬಾಯಿ ಬಿಡಬೇಕು.”

“ರಕ್ತನಾಳ ಕಟ್ಟಿದ್ದು ಬರಿಗಣ್ಣಿಗೇ ಕಂಡ್ರ? ಅದೂ ಸಾಲೂದಿಲ್ಲೇನು?”

“ನಾಳ ಸಣ್ಣ ಆಗಾಕ ವರ್ಷಗಟ್ಟಲೆ ಬೇಕು. ಅದ ನಾಳ ಇಟಗೊಂಡು ಮನುಷ್ಯಾ ನಿನ್ನಿ ಕೆಲಸ ಮಾಡಿರತಾನ, ಮೊನ್ನಿ ಮಾಡಿರತಾನ. ಇವತ್ತ ಯಾಕ ಸತ್ತ ಅನ್ನೂದನ್ನ ನಾಳ ಹೇಳೂದಿಲ್ಲ. ಸ್ನಾಯು ಹೇಳಬೇಕು.”

ಒಂದು ಸುದ್ದಿಗೆ ಎರಡು ಮೂಲ ಬೇಕು, ಎರಡೂ ಒಂದನ್ನೊಂದು ನೋಡಿರಬಾರದು ಎಂದು ನನಗೆ ಕಲಿಸಿದ್ದರು. ಆ ನಿಯಮವನ್ನು ನಾನು ಎಷ್ಟು ಸಲ ಪಾಲಿಸಿದ್ದೇನೆ ಎಂದು ಆ ಕುರ್ಚಿಯಲ್ಲಿ ಕೂತು ಲೆಕ್ಕ ಹಾಕುವ ಧೈರ್ಯವಾಗಲಿಲ್ಲ.

ಆರನೇ ವಾರ ವರದಿ ಬಂತು. ಏಳು ತುಂಡುಗಳಲ್ಲಿ ಎರಡರಲ್ಲಿ, ಎಡಗೋಡೆಯ ಮುಂಭಾಗದಲ್ಲಿ, ಎರಡೂ ಗುರುತುಗಳು ಒಂದೇ ಜಾಗದಲ್ಲಿದ್ದವು. ಉಳಿದ ಐದು ಸ್ವಚ್ಛ. ವೈದ್ಯೆ ತಾವೂ ಸ್ಲೈಡ್ ನೋಡಿ, ಕಂಡದ್ದನ್ನು ಬರೆದಿಟ್ಟು, ಆಮೇಲೆ ಪೊಲೀಸರ ಲಕೋಟೆ ಒಡೆದರು. ಒಳಗೆ ಆರು ಗಂಟೆಯ ಸೋಡಾ, ಎಂಟರ ಸೋಡಾ ಇತ್ತು.

ಅವರ ಅಂತಿಮ ಅಭಿಪ್ರಾಯ ಮೂರು ವಾಕ್ಯ. ಸಾವಿಗೆ ಕಾರಣ ಹೃದಯ ಸ್ನಾಯುವಿಗೆ ರಕ್ತ ಸಿಗದೆ ಆದ ಹಾನಿ, ಅದು ಸಾವಿಗಿಂತ ಕೆಲವು ತಾಸು ಮೊದಲೇ ಆರಂಭವಾಗಿತ್ತು. ತಲೆಯ ಗಾಯ ಚರ್ಮದ ಮಟ್ಟದ್ದು, ಸಾವನ್ನು ತರುವಂಥದ್ದಲ್ಲ. ಜಗಳದ ಉದ್ವೇಗ ಕೊನೆಯ ಗಳಿಗೆಯನ್ನು ಬೇಗ ತಂದಿತೇ ಎಂಬುದನ್ನು ಈ ಪರೀಕ್ಷೆಗಳಿಂದ ಹೇಳಲಾಗದು.

ಮೂರನೇ ವಾಕ್ಯ ಯಾರಿಗೂ ಬೇಕಾಗಿರಲಿಲ್ಲ. ಆರೋಪಿಯ ಹೆಂಡತಿ ಶವಾಗಾರದ ಬಾಗಿಲಿಗೆ ಬಂದು, “ಮೇಡಂ, ಎರಡು ಮಾತು ಛಲೋ ಬರದೀರಿ, ಮೂರನೇದು ತಗದ ಬಿಡ್ರಿ,” ಎಂದು ಕೇಳಿಕೊಂಡಳು.

“ತಗದ್ರ ಮದಲಿನ ಎರಡನ್ನ ಯಾರೂ ನಂಬೂದಿಲ್ಲವ್ವಾ,” ಎಂದರು ವೈದ್ಯೆ. “ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂದ ಮ್ಯಾಲೇ ಗೊತ್ತಿದ್ದದ್ದಕ್ಕ ಬೆಲಿ.”

ಸತ್ತವನ ಅಣ್ಣನನ್ನು ಅವರೇ ಹೇಳಿ ಕರೆಸಿದರು. ಹಾಗೆ ಕರೆಸಬೇಕೆಂಬ ನಿಯಮವೇನಿಲ್ಲ. ವರದಿ ಪೊಲೀಸರಿಗೆ ಹೋದರೆ ಅವರ ಕೆಲಸ ಮುಗಿಯಿತು. ಅಣ್ಣ ಬಂದವನೇ ನನ್ನನ್ನೂ ಕೂಡಿಸಿಕೊಂಡ. “ಪೇಪರ್‌ನವರು ಇರಲಿ. ನಾಳಿ ಮಾತು ಬದಲಾಗಬಾರದು,” ಎಂದ.

ವೈದ್ಯೆ ಚೀಲದ ಹೋಲಿಕೆಯನ್ನೇ ಮತ್ತೆ ಹೇಳಿದರು. ಅವನು ನೆಲ ನೋಡುತ್ತ ಕೇಳಿದ.

“ಅಂದ್ರ ಅಂವ ದೂಡಲಾರದಿದ್ರೂ ನನ್ನ ತಮ್ಮ ಸಾಯತಿದ್ದ ಅಂತೀರೇನು?”

“ಹಂಗ ನಾ ಬರದಿಲ್ಲ. ದೂಡೂಕಿಂತ ಮದಲ ಅವನ ಹೃದಯ ಸಾಯಾಕ ಹತ್ತಿತ್ತು, ಅಷ್ಟ ಬರದೀನಿ.”

“ಎಷ್ಟೊತ್ತಿಗೆ ಶುರು ಆಗಿರಬೇಕ್ರಿ?”

“ಇಂಥ ಗಂಟಿಗೆ ಅಂತ ಹೇಳಾಕ ಬರೂದಿಲ್ಲ. ಮುಂಜಾನಿ ಆಗಿರಬೇಕು.”

ಚಾಚಾ ಒಂದು ಲೋಟ ನೀರು ತಂದು ಅವನ ಪಕ್ಕದಲ್ಲಿ ಇಟ್ಟು ಹೋದರು.

“ಅಂವ ಐದೂವರಿಗೆ ನನಗ ಫೋನ್ ಮಾಡಿದ್ದ,” ಎಂದ ಅಣ್ಣ. “ಅಣ್ಣಾ, ಎದಿ ಹಿಡದಂಗ ಆಗೈತಿ, ಕೆಲಸಕ್ಕ ಹೋಗಲೋ ಬ್ಯಾಡೋ ಅಂದ. ನಾ ಗ್ಯಾಸ್ ಇರಬೇಕು, ಒಂದು ಸೋಡಾ ಕುಡದು ಹೋಗು ಅಂದ್ನಿ.”

ಹನ್ನೊಂದರ ಜಗಳವೇ ಕೊಂದಿತು ಎಂದು ಅವನು ಅಷ್ಟು ಗಟ್ಟಿಯಾಗಿ ಹಿಡಿದದ್ದು ಯಾಕೆಂದು ಆಗ ನನಗೆ ತಿಳಿಯಿತು. ಆ ಫೋನಿನ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ.

“ಆವಾಗ ದವಾಖಾನಿಗೆ ಹೋಗು ಅಂದಿದ್ರ ಉಳೀತಿದ್ನೇನ್ರಿ?”

ನಾನಾಗಿದ್ದರೆ ಇಲ್ಲ ಎಂದುಬಿಡುತ್ತಿದ್ದೆ. ಆ ಮುಖ ನೋಡಿದ ಯಾರಾದರೂ ಹಾಗೇ ಹೇಳುತ್ತಿದ್ದರು.

“ಉಳೀತಿದ್ದನೋ ಇಲ್ಲೋ ಆ ತುಂಡು ಹೇಳೂದಿಲ್ಲ,” ಎಂದರು ವೈದ್ಯೆ. “ನಾನೂ ಹೇಳೂದಿಲ್ಲ. ಗ್ಯಾಸ್ ಅಂತ ನೀವಷ್ಟ ಅಂದಿಲ್ಲ, ಅವನ ಸುತ್ತಲಿದ್ದ ಎಲ್ಲಾರೂ ಅಂದಾರ. ಈಗ ನಾ ಹೇಳೂದು ಕೇಳ್ರಿ. ಮೂವತ್ತೆಂಟಕ್ಕ ಅವನ ರಕ್ತನಾಳ ಎಪ್ಪತ್ತರ ಮುದುಕನ ನಾಳದಂಗಿತ್ತು. ಇದು ಮನೆತನದಾಗ ಬರತೈತಿ. ನೀವು ಅವನ ಅಣ್ಣ. ನಾಳಿ ಖಾಲಿ ಹೊಟ್ಟಿಲೆ ಬರ್ರಿ, ಎದಿ ಪರೀಕ್ಷಾ ಮಾಡಸೂಣು. ಅವನ ಮಕ್ಕಳು ದೊಡ್ಡವರಾದ ಮ್ಯಾಲೆ ಅವರನ್ನೂ ಕರಕೊಂಡು ಬರಬೇಕು.”

“ಹೆಣದ ಡಾಕ್ಟರ್ ಜೀವಂತ ಇದ್ದವರನ್ನೂ ನೋಡತಾರೇನ್ರಿ?” ಎಂದ ಅಣ್ಣ, ಒರಟಾಗಿಯೇ.

“ನೋಡೂದಿಲ್ಲ. ನೋಡೋರ ಕಡಿ ಕೈ ಹಿಡಕೊಂಡು ಒಯ್ಯತೀನಿ.”

ಮರುದಿನ ಅವನು ಬಂದ. ಇಸಿಜಿ ಕೋಣೆಯ ಹೊರಗೆ ವೈದ್ಯೆ ಅವನ ಜೊತೆ ನಿಂತಿದ್ದನ್ನು ನಾನು ದೂರದಿಂದ ನೋಡಿದೆ. ಅವನಿಗೂ ಔಷಧಿ ಶುರುವಾಯಿತು ಎಂದು ಆಮೇಲೆ ಚಾಚಾ ಹೇಳಿದರು.

ಪೊಲೀಸರು ಕೊಲೆಯ ಕಲಮು ಕೈಬಿಟ್ಟು, ತಳ್ಳಿ ಗಾಯ ಮಾಡಿದ್ದಕ್ಕಷ್ಟೇ ದೋಷಾರೋಪ ಪಟ್ಟಿ ಸಲ್ಲಿಸಿದರು. ಅಣ್ಣ ತಕರಾರು ಎತ್ತಲಿಲ್ಲ. ಚಿಕ್ಕವನಿಗೆ ಜಾಮೀನು ಸಿಕ್ಕಿತು. ಮೊದಲ ಸುದ್ದಿ ಬಂದ ಪುಟದಲ್ಲೇ, ಅಷ್ಟೇ ಜಾಗದಲ್ಲಿ ಇದೂ ಬರಬೇಕೆಂದು ನಾನು ಡೆಸ್ಕಿಗೆ ಹೇಳಿದೆ. ಪುಟ ಸಿಕ್ಕಿತು, ಜಾಗ ಅರ್ಧ ಸಿಕ್ಕಿತು. ಅಂದು ‘ಕೊಲೆ’ ಎಂದು ಬರೆದದ್ದು ಪತ್ರಿಕೆಯ ತಪ್ಪು ಎಂಬ ಸಾಲನ್ನು ಮೊದಲ ಪ್ಯಾರಾದಲ್ಲೇ ಹಾಕಿದೆ.

ಅದನ್ನು ಬರೆದು ಕಳಿಸುವ ಮುಂಚೆ ಚಿಕ್ಕವನ ಮಾತು ಬೇಕಿತ್ತು. ಗಂಗಾವತಿಯಲ್ಲಿ ಅವನ ಬಾಡಿಗೆ ಮನೆಗೆ ಹೋದೆ. ಹೊರಗೆ ಹೊಸ್ತಿಲ ಮೇಲೆ ಕೂತಿದ್ದ. ಹೆಂಡತಿ ಒಳಗಿನಿಂದ ಚಹಾ ತಂದುಕೊಟ್ಟಳು. ಈ ಸಲ ಕುಂದರ್ರಿ ಎಂದು ಅವಳೇ ಹೇಳಿದಳು. ಪ್ರಯೋಗಾಲಯದ ವರದಿಯನ್ನು ಅವನಿಗೆ ನನಗೆ ತಿಳಿದ ಮಟ್ಟಿಗೆ ಬಿಡಿಸಿ ಹೇಳಿದೆ. ಅವನು ಖುಷಿಪಡಲಿಲ್ಲ.

“ಎರಡು ಪ್ರೋಟೀನ್ ಕಂಡಾವ ಅಂದ್ರಿ. ಅದರಾಗ ಇನ್ನೂ ಏನೇನ್ ಕಾಣತೈತ್ರಿ?”

“ಏನೇನ್ ಅಂದ್ರ?”

“ಮುಂಜಾನಿಂದ ಅವನ ಕೈಯಾಗ ಚೀಲ ನಿಲ್ಲವಲ್ದಾಗಿತ್ತು. ಅವನ ಕಡಿ ತುದಿ ಕೆಳಗ ಬೀಳಾಕ ಹತ್ತಿತ್ತು. ನನಗ ಸೊಂಟ ಹಿಡೀತು. ಮೈಗಳ್ಳ ಅಂದ್ನಿ. ಹೆಂಗಸಾಗಿ ಹುಟ್ಟಬೇಕಿತ್ತಲೇ ಅಂದ್ನಿ. ಹತ್ತು ಮಂದಿ ನಕ್ರು. ಅದಕ್ಕ ಅಂವ ನನ್ನ ಮ್ಯಾಲೆ ಬಂದ, ನಾ ದೂಡಿದ್ನಿ. ಡಾಕ್ಟರಮ್ಮ ಅದನ್ನ ಬರದಾರೇನ್ರಿ?”

“ಇಲ್ಲ. ಅದು ಸ್ಲೈಡಿನ್ಯಾಗ ಕಾಣೂದಿಲ್ಲ.”

ಒಳಗಿನಿಂದ ಹೆಂಡತಿ, “ಬಿಡ್ರಿ, ಆದದ್ದಾತು, ಯಾಕ ಹೇಳತೀರಿ ಅದನೆಲ್ಲ,” ಎಂದಳು.

“ನೀ ಸುಮ್ಮಕಿರು,” ಎಂದ ಅವನು. ಅವನ ದನಿ ಏರಲಿಲ್ಲ. ನನ್ನ ಪುಸ್ತಕದ ಕಡೆ ನೋಡಿದ. “ಡಾಕ್ಟರಮ್ಮ ತಾವು ಕಂಡಷ್ಟು ಬರದಾರ. ಇದು ನಾ ಕಂಡದ್ದು. ಇದನ್ನ ನೀವು ಬರಕೋರಿ. ಮೈಗಳ್ಳ ಅಂದ್ನಿ, ಅಂವ ಮೈಗಳ್ಳ ಇರಲಿಲ್ಲ ಅಂತ.”

ಅವನು ಹೇಳಿದ ಹಾಗೆಯೇ ಬರೆದುಕೊಂಡೆ, ಓದಿ ಹೇಳಿದೆ, ಸರಿ ಎಂದ. ಡೆಸ್ಕಿನವರು ಸುದ್ದಿಯನ್ನು ಎರಡು ಕಡೆ ಕತ್ತರಿಸಿದರು. ಮೈಗಳ್ಳ ಇರಲಿಲ್ಲ ಎಂಬ ಸಾಲನ್ನು ಉಳಿಸಿ ಎಂದು ನಾನು ಕೇಳಬೇಕಾಗಲಿಲ್ಲ, ಅವರೇ ಉಳಿಸಿದ್ದರು.